ಆಂಟೆನಾ ತಿರುಗಿಸಿ ಮಾರಾಯ್ರೆ!

ಗಲ್ಫಿನ ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದಕ್ಕೆ ನಮ್ಮ ಸಾಫ್ಟ್‌ವೇರ್ ತೋರಿಸಲು ಹೋಗಿದ್ದೆ. ಆರ್ಡರ್ ಸಿಗದಿದ್ದರೆ ನನ್ನ ಕೆಲಸಕ್ಕೇ ಕುತ್ತು. ಅಲ್ಲಿನ ಬಿಗಿ ಮುಖದ ಮೇಡಂ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಅಷ್ಟರಲ್ಲಿ ಗೋಡೆಯ ದೊಡ್ಡ ಟೀವಿಯಲ್ಲಿ ನಾನು ತೋರಿಸುತ್ತಿದ್ದ ಚಿತ್ರ ಹೋಗಿ ಬರೀ ಪಟ್ಟಿಗಳು ಕುಣಿಯತೊಡಗಿದವು. ಗಾಬರಿಯಲ್ಲಿ ನನ್ನ ಬಾಯಿಂದ, ಚಿಕ್ಕಂದಿನಲ್ಲಿ ನಮಗಿದ್ದ ಒಂದೇ ಚಾನೆಲ್ಲಿನ ಮಾತು ಹೊರಬಿತ್ತು: “ಅಡಚಣೆಗಾಗಿ ಕ್ಷಮಿಸಿ!”

ಮೇಡಂ ಕಣ್ಣರಳಿಸಿದರು. “ಅಯ್ಯೋ, ಮನೆ ಮಾಡು ಹತ್ತಿ ಆಂಟೆನಾ ತಿರುಗಿಸಿ ಮಾರಾಯ್ರೆ!”

ನಾನು ಕೇಬಲ್ ತಿರುಗಿಸಿದೆ. “ಬಂತು, ಬಂತು... ಹೋಯ್ತು!” ಎಂದು ಅವರು ಕೂಗಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಚಿತ್ರ ಬಂದ ಮೇಲೂ ಅತ್ತ ನೋಡಲಿಲ್ಲ. ಆ ಕಾಲದಲ್ಲಿ ಪಕ್ಕದ ಮನೆಯ ನೆಲದ ಮೇಲೆ ಕೂತು, ಬೇರೇನೂ ಇಲ್ಲವೆಂದು ಕೃಷಿ ಕಾರ್ಯಕ್ರಮವನ್ನೂ ಬಾಯಿಬಿಟ್ಟು ನೋಡಿದ್ದೇ ಮಾತಾಯಿತು.

ಆರ್ಡರ್ ಸಿಕ್ಕಿತು. ಆ ಸಾಫ್ಟ್‌ವೇರ್ ಏನು ಮಾಡುತ್ತದೆಂದು ಅವರು ಇವತ್ತಿಗೂ ಕೇಳಿಲ್ಲ.