ಅಪ್ಪನ ಜಗಲಿ ಪಾಠಕ್ಕೆ ಬಂದವಳು

ಅಪ್ಪ ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಐವತ್ತರ ದಶಕದ ಕೊನೆಯ ಒಂದು ಬೇಸಿಗೆ, ನನ್ನ ಪರೀಕ್ಷೆ ಹತ್ತಿರ ಬಂದಾಗ, ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು ಹಳೆಯ ಪಾಠಗಳನ್ನೆಲ್ಲ ಮತ್ತೆ ಹೇಳಿಸತೊಡಗಿದರು. ಅಪ್ಪ ನನಗೊಬ್ಬಳಿಗೇ ಸಿಗುವ ಹೊತ್ತು ಎಂದು ಹಿಗ್ಗಿದ್ದೆ. ವಾರ ಕಳೆಯುವುದರೊಳಗೆ ನನ್ನ ತರಗತಿಯವಳೇ ಇನ್ನೊಬ್ಬಳನ್ನು ಜೊತೆಗೆ ಕರೆತಂದರು. ಶಿರಾದಿಂದ ಬಂದು ನಮ್ಮ ಪೇಟೆಯಲ್ಲಿ ಲಾಂದ್ರ, ಸ್ಟೌ ರಿಪೇರಿ ಮಾಡುತ್ತಿದ್ದ ಸಾಹೇಬರ ಮಗಳು.

ಎಲೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವ ಬಗೆ, ಬೇರು ನೀರು ಹೀರುವ ಬಗೆ, ಎಲ್ಲವೂ ನನಗೆ ಬಾಯಿಪಾಠ. ಒಪ್ಪಿಸಿ ಮುಗಿಸಿದರೆ ಅಪ್ಪ "ಹೂಂ" ಎನ್ನುತ್ತಿದ್ದರು, ಅಷ್ಟೆ. ಒಂದು ಸಂಜೆ ಎದುರಿನ ಬೆಟ್ಟ ತೋರಿಸಿ, ಅಷ್ಟು ಗಟ್ಟಿ ಬಂಡೆ ಸಿಪ್ಪೆ ಸಿಪ್ಪೆಯಾಗಿ ಏಳುವುದು ಯಾಕೆಂದು ಕೇಳಿದರು. ಹುಟ್ಟಿದಾಗಿನಿಂದ ಆ ಬೆಟ್ಟದ ಬುಡದಲ್ಲೇ ಇದ್ದ ನಾನು ಪುಸ್ತಕದ ಸಾಲು ನೆನಪಿಸಿಕೊಳ್ಳುತ್ತಿರುವಾಗ ಅವಳು ಮೆಲ್ಲಗೆ ಹೇಳಿದಳು:

"ಕಾದಿರೋ ಲಾಂದ್ರದ ಗಾಜಿನ ಮೇಲೆ ಹನಿ ನೀರು ಬಿದ್ರೆ ಸೀಳು ಬುಡ್ತದಲ್ಲ ಸಾ. ಬಂಡೇನೂ ಹಗಲೆಲ್ಲ ಕಾಯ್ತದೆ, ರಾತ್ರಿ ತಣ್ಣಗಾಗ್ತದೆ. ಅದಕ್ಕೇ ಅಂಗೆ ಏಳ್ತದೇನೋ."

ಅಪ್ಪನ ಮುಖ ಅರಳಿತು. ಪುಸ್ತಕ ಬರೆದವರೂ ಇಷ್ಟು ಚೆನ್ನಾಗಿ ಹೇಳಿಲ್ಲ ಎಂದರು. ನನ್ನ ಬಗ್ಗೆ ಒಂದು ದಿನವೂ ಅಂಥ ಮಾತು ಆಡಿದವರಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಮರುದಿನ ನಾನೂ ಸ್ವಂತದ ಹೋಲಿಕೆ ಹುಡುಕಿಕೊಂಡು ಬಂದೆ. ಭೂಮಿ ರಾಗಿ ಬೀಸುವ ಕಲ್ಲಿನ ಹಾಗೆ ತಿರುಗುತ್ತದೆ ಎಂದೆ. ಹಾಗಾದರೆ ಕೆಳಗಿನ ಕಲ್ಲು ಯಾವುದು ಎಂದು ಕೇಳಿ ಅಪ್ಪ ನಕ್ಕರು. ಅವಳೂ ನಕ್ಕಳು. ಆ ನಗು ಬಹಳ ದಿನ ನನ್ನ ಮನಸ್ಸನ್ನು ಚುಚ್ಚುತ್ತಿತ್ತು.

ಫಲಿತಾಂಶ ಬಂದ ದಿನ ಬಾಗಿಲಲ್ಲೇ ಅಪ್ಪನಿಗಾಗಿ ಕಾದೆ. ಬರಲಿಲ್ಲ. ನಾನು ಪಾಸಾದ ಸುದ್ದಿಯನ್ನು ತಂದವರು ಪಕ್ಕದ ಮನೆಯವರು. ಅಪ್ಪ ಶಾಲೆಯಿಂದ ನೇರ ಲಾಂದ್ರದ ಅಂಗಡಿ ಕಡೆ ಹೋದರಂತೆ. ಕೋಪ ತಡೆಯದೆ ನಾನೂ ಅಲ್ಲಿಗೆ ಹೊರಟೆ. ಅಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಾಹೇಬರ ಜೊತೆ ಮಾತಾಡುತ್ತಿದ್ದರು. ಒಳಗಿನ ಪರದೆಯ ಹಿಂದೆ ಅವಳು ಅಳುತ್ತಿದ್ದುದು ಕೇಳಿಸಿತು.

ವಾಪಸು ಬರುವಾಗ ಕೇಳಿಯೇಬಿಟ್ಟೆ. "ಅಪ್ಪಾ, ನಾನು ಪಾಸಾಗಿದ್ದು ನಿಮಗೆ ಬೇಡವಾ?"

"ನೀನು ಪಾಸಾಗ್ತೀಯ ಅಂತ ಗೊತ್ತಿತ್ತು ಕಣಮ್ಮ. ಮುಂದಕ್ಕೆ ನಿನ್ನ ಓದ್ಸೋನೂ ನಾನೇ. ಆ ಮಗು ಪಾಸಾದ್ರೂ ಓದು ಇಲ್ಲಿಗೇ ನಿಲ್ಲಿಸ್ತೀವಿ ಅಂತ ಅವರಪ್ಪ ಅಂದ್ಬುಟ್ಟಿದ್ರು. ಅದಕ್ಕೇ ಮೊದ್ಲು ಅಲ್ಲಿಗೆ ಓಡ್ದೆ."

ಸಾಹೇಬರು ಏನಂದರು ಎಂದು ಕೇಳಿದೆ. ಒಪ್ಪಿದರು, ನೀನು ಜೊತೆಗಿದ್ದರೆ ಕಳಿಸುತ್ತಾರಂತೆ ಎಂದರು ಅಪ್ಪ. ನಾನು ತಲೆಯಾಡಿಸಿದೆ.

ಹೈಸ್ಕೂಲು ಮುಗಿಯುವವರೆಗೂ ಅವಳನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದವಳು ನಾನೇ. ಹಾಗೆಂದು ಹೊಟ್ಟೆಕಿಚ್ಚು ಆರಲಿಲ್ಲ. ಆಗಲೂ ಅವಳು ಜಗಲಿ ಪಾಠಕ್ಕೆ ಬರುವ ಸಂಜೆಗಳಲ್ಲೆಲ್ಲ, ಅಪ್ಪನಿಗೆ ತಾಗಿದಂತಿರುವ ಜಾಗವನ್ನು ನಾನು ಮೊದಲೇ ಹಿಡಿದು ಕೂತಿರುತ್ತಿದ್ದೆ.