ಡಾಕ್ಟರ್ ಹೂಂ ಯಾರು ಅಂದರೆ

ಆ ಜಾಹೀರಾತನ್ನು ಬರೆದವಳು ನಾನೇ. ಹುಬ್ಬಳ್ಳಿಯಲ್ಲಿ ಯಾರೋ ಬರೆದುಕೊಟ್ಟರು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನಲ್ಲ — ಸುಳ್ಳು. ಹುಬ್ಬಳ್ಳಿಯಲ್ಲಿ ಅಂಥವರು ಯಾರೂ ಇಲ್ಲ. ನಮ್ಮ ಕಡೆಯ ಮಂದಿಯನ್ನೆಲ್ಲ ನಗಿಸಿದ ‘ಡಾಕ್ಟರ್ ಹೂಂ’ ನನ್ನ ಕಲ್ಪನೆಯ ಮನುಷ್ಯನೂ ಅಲ್ಲ. ಅವರು ನನ್ನ ಅಕ್ಕನ ಗಂಡ, ಗಜೇಂದ್ರಗಡದಲ್ಲಿ ಹಲ್ಲಿನ ಡಾಕ್ಟರು. ನಂಬಿ ನನ್ನೊಬ್ಬಳಿಗೇ ಹೇಳಿದ ಅವರ ಮಾತನ್ನು ನಾನು ಮೂರು ತಾಲೂಕಿಗೆ ಹಂಚಿದೆ.

ನರಗುಂದದಲ್ಲಿ ಕಾಳಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಜನರಿಗೆ ಮ್ಯೂಚುವಲ್ ಫಂಡ್ ಮಾಡಿಸಿಕೊಡುವುದು ನನ್ನ ಕಸುಬು. ಡಾಕ್ಟರು, ವಕೀಲರು, ಎಂಜಿನಿಯರರೇ ನನ್ನ ಗಿರಾಕಿಗಳಾಗಬೇಕು ಎಂದು ಶುರುವಿನಲ್ಲಿ ಹಟ ಹಿಡಿದಿದ್ದೆ. ಅವರಿಗೆ ಗಳಿಕೆ ಇತ್ತು, ಪುರುಸೊತ್ತು ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಕೆಳಗಿನ ಅಂಗಡಿಯ ಸಾಹುಕಾರರು ನೂರು ಪ್ರಶ್ನೆ ಕೇಳಿ ಒಂದು ರೂಪಾಯಿಯನ್ನೂ ಹಾಕುತ್ತಿರಲಿಲ್ಲ. ಈ ಓದಿದವರು ಒಂದು ಪ್ರಶ್ನೆಯನ್ನೂ ಕೇಳದೆ, ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿ, ಒಂದು ರೂಪಾಯಿಯನ್ನೂ ಹಾಕುತ್ತಿರಲಿಲ್ಲ. ಎಲ್ಲ ತಿಳಿದ ಮಂದಿ, ಇವರಿಗೆ ಹೇಳುವುದೇನು ಉಳಿದಿದೆ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಆ ತಲೆಯಾಡಿಸುವುದರ ಒಳಗುಟ್ಟು ತಿಳಿಸಿಕೊಟ್ಟವರು ಮಾಮಾ; ಅಕ್ಕನ ಗಂಡನನ್ನು ನಾನು ಕರೆಯುವುದು ಹಾಗೆ. ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಅಕ್ಕ ಒಳಗೆ ಅಡ್ಡಾಗಿದ್ದಳು. ಮಾಮಾ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು. ಇವರಿಗೇನೋ ದೊಡ್ಡ ರೋಗ ಬಂದಿದೆ, ಅಕ್ಕನಿಗೆ ಹೇಳಲಾರದೆ ನನಗೆ ಹೇಳುತ್ತಿದ್ದಾರೆ ಎಂದುಕೊಂಡೆ.

“ಸುಮಾ, ನಗಬ್ಯಾಡ. ಈ ಎಸ್‌ಐಪಿ ಅಂದ್ರ ಏನ? ಮಂದಿ ಮಾತಾಡುವಾಗೆಲ್ಲ ಹೂಂ ಅಂತ ಬಂದೀನಿ. ಈಗ ಕೇಳಾಕ ನಾಚಿಕಿ. ನಿನ್ನ ಒಬ್ಬಾಕಿನ್ನ ಕೇಳಾಕತ್ತೀನಿ, ಎಲ್ಲೂ ಹೇಳಬ್ಯಾಡ.”

ತಿಂಗಳಿಗೆ ಇಷ್ಟು ಎಂದು ಫಂಡಿಗೆ ಕಟ್ಟುತ್ತ ಹೋಗುವುದು, ಅಷ್ಟೇ, ಎಂದೆ. ಅವರು ಕೇಳುತ್ತಲೇ ಹೋದರು. ಮಾರ್ಕೆಟ್ ಬಿದ್ದರೆ ಏನು, ನಡುವೆ ನಿಲ್ಲಿಸಿದರೆ ಏನು, ತಾನು ಸತ್ತರೆ ಏನು. ಅಷ್ಟು ಖುಷಿಯಿಂದ ಪ್ರಶ್ನೆ ಕೇಳುವ ಡಾಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ಖರೇ ಹೇಳುತ್ತೇನೆ, ಅವರ ಮುಂದೆ ನಾನು ನಗಲಿಲ್ಲ. ನಕ್ಕಿದ್ದು ಬಸ್ಸಿನಲ್ಲಿ. ಒಬ್ಬಳೇ ಕಿಸಿಕಿಸಿ ನಗುವುದನ್ನು ನೋಡಿ ಪಕ್ಕದಲ್ಲಿದ್ದ ಮುದುಕಿ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಬಸ್ಸು ರೋಣ ಮುಟ್ಟುವುದರೊಳಗೆ ಜಾಹೀರಾತು ತಲೆಯಲ್ಲಿ ತಯಾರಾಗಿತ್ತು.

ರೋಣದಲ್ಲಿ ನಾಟಕ ಆಡುವ ಮಾಸ್ತರರೊಬ್ಬರು ಡಾಕ್ಟರ ದನಿ ಕೊಟ್ಟರು. ಎದುರಿನ ದನಿ ನನ್ನದು. ಮಾರ್ಕೆಟ್ ಬಿತ್ರಿ ಡಾಕ್ಟರ್, ಅನ್ನುತ್ತೇನೆ, ಹೂಂ, ಅನ್ನುತ್ತಾರೆ. ಮಾರ್ಕೆಟ್ ಏರಿತ್ರಿ, ಹೂಂ. ನಿಮ್ಮ ಸ್ಕೂಟರ್ ಯಾರೋ ತಳ್ಳಿಕೊಂಡು ಹೊಂಟಾರ್ರಿ, ಹೂಂ, ಹೂಂ. ಕಡೆಗೆ ನನ್ನ ಮಾತು: “ಗೊತ್ತಿಲ್ಲ ಅನ್ನಾಕ ಫೀ ಇಲ್ರಿ. ಬಂದು ಕೇಳ್ರಿ.” ಇಷ್ಟನ್ನು ರೆಕಾರ್ಡ್ ಮಾಡಿ ವಾಟ್ಸಾಪಿಗೆ ಬಿಟ್ಟೆ.

ಬಿಟ್ಟಿದ್ದೇ ತಡ, ರೋಣದ ದನದ ಡಾಕ್ಟರು ಫೋನ್ ಮಾಡಿ ತಮ್ಮ ವಿಷಯ ನನಗೆ ಯಾರು ಹೇಳಿದರು ಎಂದು ದಬಾಯಿಸಿದರು. ನರಗುಂದದ ವಕೀಲರೊಬ್ಬರು, ವಕೀಲ ಅನ್ನುವಲ್ಲಿ ಡಾಕ್ಟರ್ ಅಂದುಬಿಟ್ಟರೆ ತಮಗೆ ಗುರುತು ಹತ್ತುವುದಿಲ್ಲ ಎಂದು ತಿಳಿದಿರೇನು ಅಂದರು. ಕಾಲುವೆ ಎಂಜಿನಿಯರರ ಹೆಂಡತಿಯಂತೂ ಗಂಡನನ್ನು ಕರೆತಂದು ನನ್ನೆದುರು ಕೂರಿಸಿ, ಈಗ ಕೇಳಿಕೊಳ್ಳಿರಿ ಎಂದು ತಾವು ಬಾಗಿಲಲ್ಲಿ ನಿಂತರು. ಬಂದವರೆಲ್ಲ ಮೊದಲು ನನ್ನನ್ನು ಬೈದರು. ಬೈದು ಮುಗಿದ ಮೇಲೆ ದನಿ ತಗ್ಗಿಸಿ, ಮಾಮಾ ಕೇಳಿದ್ದನ್ನೇ ಕೇಳಿದರು. ನನ್ನ ದಂಧೆ ಕುದುರಿತು. ಇಷ್ಟು ಜನ ಡಾಕ್ಟರ್ ಹೂಂ ಅಂದರೆ ತಾವೇ ಎಂದು ತಿಳಿದ ಮೇಲೆ ಅದು ಮಾಮಾ ಒಬ್ಬರೇ ಹೇಗಾದಾರು — ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸ್ವಲ್ಪ ದಿನಕ್ಕೆ, ಯಾವುದೋ ಮದುವೆಗೆಂದು ನರಗುಂದಕ್ಕೆ ಬಂದಿದ್ದ ಮಾಮಾ ನನ್ನ ಕೋಣೆಗೆ ಹತ್ತಿ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಅದು ನನ್ನ ಮಾತಲ್ಲೇನು?” ಎಂದು ಕೇಳಿದರು.

ಆಗ ಹೂಂ ಎನ್ನಬೇಕಾದವಳು ನಾನು. ಎಷ್ಟು ಸಣ್ಣ ಮಾತು. ನಾನು ಮಾತ್ರ — “ಬಿಡ್ರಿ ಮಾಮಾ, ಹುಬ್ಬಳ್ಳಿಯವರು ಬರದಿದ್ದು. ನಿಮ್ಮ ಮಾತು ಅವರಿಗೆ ಹ್ಯಾಂಗ ಗೊತ್ತಾಗಬೇಕು?” ಎಂದುಬಿಟ್ಟೆ.

“ಹೂಂ,” ಅಂದರು ಮಾಮಾ. ಮೆಟ್ಟಿಲು ಇಳಿದು ಹೋದರು.

ಅವರು ನಂಬಿದರು ಎಂದೇ ತಿಳಿದೆ. ಹೂಂ ಅಂದರೆ ಒಳಗೆ ಏನಿರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ನನ್ನ ಕಿವಿಗೇ ಅದು ತಿಳಿಯಲಿಲ್ಲ. ಅಥವಾ ತಿಳಿಯಿತೋ ಏನೋ — ತಿಳಿಯದಂತೆ ಇದ್ದುಬಿಟ್ಟೆನೋ. ಆಮೇಲೆ ಮಾಮಾ ನನ್ನ ಜೊತೆ ಮಳೆ, ಹಲ್ಲು, ನನ್ನ ಅಡಿಗೆಯ ಉಪ್ಪು ಎಲ್ಲದರ ಬಗ್ಗೆ ಮಾತಾಡಿದರು. ದುಡ್ಡಿನ ಬಗ್ಗೆ ಮಾತ್ರ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪಾಪ, ಕೆಲಸ ಬಹಳ, ಅಂದುಕೊಂಡೆ.

ಈ ವರ್ಷ ಅಕ್ಕ ಫೋನ್ ಮಾಡಿದಳು. ನಗು ತಡೆಯಲಾರದೆ ಅವಳ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಾಮಾ ಮಗಳ ಮದುವೆಗೆಂದು ಒಂದು ಪಾಲಿಸಿ ಮಾಡಿಸಿ ವರ್ಷ ವರ್ಷ ಕಂತು ಕಟ್ಟುತ್ತಿದ್ದಾರಂತೆ. ಅವರಿಗೆ ಮಗಳೇ ಇಲ್ಲ. ಇರುವವನು ಒಬ್ಬನೇ ಮಗ. ಹಲ್ಲು ತೋರಿಸಲು ಬಂದ ಏಜೆಂಟ್ ಬಾಯಿ ತೆರೆದುಕೊಂಡೇ ಪಾಲಿಸಿಯನ್ನು ವರ್ಣಿಸಿದನಂತೆ, ಇವರು ಅವನ ದವಡೆ ನೋಡುತ್ತ ಹೂಂ ಅಂದರಂತೆ. ಈಗ ಮುರಿಸಿದರೆ ಕಟ್ಟಿದ್ದರಲ್ಲಿ ಅರ್ಧವೂ ಕೈಗೆ ಬರುವುದಿಲ್ಲ. ದವಾಖಾನೆಗೆ ಹಲ್ಲು ನೋಡುವ ಹೊಸ ಕುರ್ಚಿ ತರಲು ಕೂಡಿಡುತ್ತಿದ್ದ ದುಡ್ಡು ಅದು.

ಸುಮಾನ್ನ ಒಂದು ಮಾತು ಕೇಳಬಾರದಿತ್ತೇ ಎಂದು ಅಕ್ಕ ಕೇಳಿದ್ದಕ್ಕೆ ಮಾಮಾ ಹೇಳಿದ್ದು ಇಷ್ಟು: “ಆಕಿನ್ನ ಕೇಳಿದ್ರ ಮುಂದಿನ ಜಾಹೀರಾತು ಆಗ್ತೈತಿ.” ಅಕ್ಕ ಅದನ್ನು ಚೇಷ್ಟೆ ಎಂದು ತಿಳಿದು ಮತ್ತೊಮ್ಮೆ ನಕ್ಕಳು. ಅದು ಚೇಷ್ಟೆಯಲ್ಲ ಎಂದು ನನಗೆ ಗೊತ್ತಿತ್ತು. ಅವರು ಕೇಳಬಹುದಾಗಿದ್ದ ಜಾಗ ಒಂದೇ ಇತ್ತು, ಅದನ್ನು ನಾನೇ ಮುಚ್ಚಿದ್ದೆ.

ಇನ್ನೂ ಕೆಟ್ಟದ್ದೊಂದಿದೆ, ಅದನ್ನೂ ಹೇಳಬೇಕು. ಫೋನ್ ಇಟ್ಟ ಮೇಲೆ, ಕಣ್ಣಲ್ಲಿ ನೀರು ಬರುತ್ತಿರುವಾಗಲೇ, ತಲೆಯ ಒಂದು ಮೂಲೆಯಲ್ಲಿ — ಡಾಕ್ಟರ್ ಹೂಂ ಮನೆಗೆ ಬೀಗರು ಬಂದು ಕೂತಿದ್ದಾರೆ, ಹುಡುಗಿಯನ್ನು ಕರೆಯಿರಿ ಅನ್ನುತ್ತಿದ್ದಾರೆ, ಇವರು ಹೂಂ ಅನ್ನುತ್ತಿದ್ದಾರೆ — ಮುಂದಿನ ಜಾಹೀರಾತು ತಯಾರಾಗತೊಡಗಿತ್ತು. ಚೆನ್ನಾಗಿಯೂ ಬಂದಿತ್ತು. ಮಾಮಾ ನನ್ನನ್ನು ಸರಿಯಾಗಿಯೇ ಅಳೆದಿದ್ದರು.

ಅದನ್ನು ಬಿಟ್ಟು ಇದನ್ನು ಬರೆಯಲು ಕೂತೆ. ಬರೆದು ಮುಗಿಸಿದ ಮೇಲೆ ಹೊಳೆಯಿತು, ಇದೂ ಅವರ ಗುಟ್ಟೇ. ಅವರನ್ನು ಕೇಳದೆ ಅಚ್ಚಿಗೆ ಕೊಟ್ಟರೆ ಮಾಡಿದ್ದನ್ನೇ ಮತ್ತೆ ಮಾಡಿದಂತೆ. ಗಜೇಂದ್ರಗಡಕ್ಕೆ ಹೋದೆ. ದವಾಖಾನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮಾಮಾರ ಎದುರು ಕೂತು ಮೊದಲಿನಿಂದ ಓದಿದೆ. ಬೀಗರು ಬಂದಲ್ಲಿ ಅವರು ಒಂದಿಷ್ಟು ನಕ್ಕರು. ಹುಬ್ಬಳ್ಳಿಯ ಮಾತು ಬಂದಾಗ ಕಿಟಕಿಯ ಕಡೆ ನೋಡಿದರು. ಬರಹದ ಕೊನೆಯಲ್ಲಿ ನಾನು ಉದ್ದಕ್ಕೆ ಕ್ಷಮೆ ಕೇಳಿ, ಅದರಲ್ಲೂ ಹಲ್ಲಿನ ಬಗ್ಗೆ ಒಂದು ನಗೆಚಾಟಿಕೆ ಸೇರಿಸಿದ್ದೆ.

ಅಚ್ಚಾಗಲಿ, ಅಂದರು. ಪಾಲಿಸಿಯ ವಿಷಯವೂ ಇರಲಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂದರು. ಆಮೇಲೆ ಕಡೆಯ ಹಾಳೆಯ ಮೇಲೆ ಬೆರಳಿಟ್ಟರು.

“ತಪ್ಪಾತು ಅಂತ ಬರದೀಯಲ್ಲ, ಅದನ್ನ ತೆಗಿ. ಮಂದಿಗೆ ಯಾಕ ಹೇಳ್ತಿ? ನನಗ ಹೇಳು.”

ಆ ಹಾಳೆ ಹರಿದೆ. ಆದ್ದರಿಂದ ಆ ಮಾತು ಇಲ್ಲಿ ಇಲ್ಲ. ಅದನ್ನು ಅಲ್ಲೇ, ಅವರ ಮುಖ ನೋಡಿ ಹೇಳಿದೆ. ತಡವರಿಸಿ ತಡವರಿಸಿ ಹೇಳಿದೆ. ಒಂದು ನಗೆಮಾತೂ ನೆರವಿಗೆ ಬರಲಿಲ್ಲ.