ತಾರೀಕಿಲ್ಲದ ರಕ್ಷಣೆ

ಕಾಪುವಿನ ಗ್ಲ್ಯಾಡಿಸ್ ಟೀಚರಿಗೆ ಪ್ರಶ್ನೆ ಕೇಳುವ ಚಟ. ಕಾರ್ಕಳದ ತವರಿನಲ್ಲಿ ಹುಡುಗಿಯಾಗಿದ್ದಾಗ, ಪ್ರಳಯದಲ್ಲಿ ಪ್ರಾಣಿಗಳನ್ನೆಲ್ಲ ತುಂಬಿಕೊಂಡ ನೋಹನ ನಾವೆಯಲ್ಲಿ ಸೆಗಣಿ ಬಾಚಿದವರು ಯಾರೆಂದು ಕೇಳಿ ಚರ್ಚಿನ ಭಾನುವಾರದ ಪಾಠದಿಂದ ಹೊರಗೆ ನಿಂತವರು. ಬಾಲವಾಡಿಯಲ್ಲಿ ಊರಿನ ಅರ್ಧ ಮಕ್ಕಳ ಮೂಗು ಒರೆಸಿ ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದಲ್ಲ.

ಗಂಡ ಇಮ್ಯಾನುಯೆಲ್ ಬಸ್ ಡ್ರೈವರ್ ಆಗಿದ್ದರು. ಎಂಬತ್ತೊಂದನೇ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದು ಮಾತೆಲ್ಲ ಹೋಗಿ ಒಂದೇ ಒಂದು ಉಳಿಯಿತು: ‘ಇಜ್ಜಿ’. ತುಳುವಿನಲ್ಲಿ ‘ಇಲ್ಲ’ ಎಂದರ್ಥ. ಗಂಜಿ ಬೇಕಾ ಎಂದರೂ ಇಜ್ಜಿ, ನೋವು ಉಂಟಾ ಎಂದರೂ ಇಜ್ಜಿ. ಯಾವ ಇಜ್ಜಿಗೆ ಗಂಜಿ, ಯಾವ ಇಜ್ಜಿಗೆ ನೋವಿನ ಎಣ್ಣೆ ಎಂಬುದು ಟೀಚರೊಬ್ಬರಿಗೇ ಗೊತ್ತು.

ಎರಡು ವರ್ಷದ ಮೇಲೆ ಅಮೆರಿಕದಿಂದ ಅಲೆಕ್ಸಾಂಡರ್ ಎಂಬ ಎಳೆಯ ಬೋಧಕರು ಉಡುಪಿಗೆ ಬಂದರು. ಮನೆಮನೆಯ ಪ್ರಾರ್ಥನೆಗೆ ಹೋಗಿ, ನೀವು ಯೇಸುವನ್ನು ಒಪ್ಪಿ ಪಾಪದಿಂದ ರಕ್ಷಣೆ ಹೊಂದಿದ್ದು ಯಾವ ದಿನ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಟೀಚರಿಗೆ ಭಾರೀ ಕುತೂಹಲ. ದೀಕ್ಷಾಸ್ನಾನದ ತಾರೀಕು ಗೊತ್ತು, ಮದುವೆಯದೂ ಗೊತ್ತು. ಅಜ್ಜನ ಕಾಲದಿಂದ ಕ್ರೈಸ್ತರಾದ ಮನೆಯಲ್ಲಿ ಈ ತಾರೀಕನ್ನು ಯಾರೂ ಕೇಳಿರಲಿಲ್ಲ.

ಕಾಪುವಿನ ಮನೆಗೆ ಬಂದ ಬೋಧಕರನ್ನು ಕೂರಿಸಿ ಟೀಚರೇ ಕೇಳಲು ಶುರುಮಾಡಿದರು. ನಿಮ್ಮಲ್ಲಿ ಗಂಡ ಹೆಂಡತಿಗೆ ಒಂದೇ ದಿನ ರಕ್ಷಣೆ ಸಿಗುತ್ತದೆಯೇ? ಜತೆಗಿದ್ದ ಪೀಟರ್ ಮಾಸ್ಟರು ಅನುವಾದಿಸಿದರು. ಇಲ್ಲ, ಅವರವರದು ಅವರವರಿಗೆ, ಸ್ವಂತ ಬಾಯಿಯಿಂದ ಹೇಳಿ ಪಡೆಯಬೇಕು ಎಂದರು ಬೋಧಕರು. ತಮ್ಮ ದೇಶದಲ್ಲಿ ಈಗ ಅಪ್ಪನನ್ನು ಕೂಡ ಇದರ ಬಗ್ಗೆ ಕೇಳುವುದು ಮರ್ಯಾದೆಯಲ್ಲವಂತೆ. ತಮ್ಮ ಹೆಂಡತಿಗೂ ಇದರಲ್ಲಿ ನಂಬಿಕೆಯಿಲ್ಲ. ಮನೆಯಲ್ಲಿ ರಕ್ಷಣೆ ಹೊಂದಿದವರು ತಾವೊಬ್ಬರೇ ಎಂದು ತಲೆ ತಗ್ಗಿಸಿದರು.

ಸ್ವಂತ ಬಾಯಿ ಎಂದದ್ದೇ ಟೀಚರ್ ಒಳಕೋಣೆಯತ್ತ ತಿರುಗಿದರು. ಹಾಗಾದರೆ ಮಾತೇ ಇಲ್ಲದ ಇವರ ಗತಿಯೇನು? ಬೋಧಕರನ್ನು ಗಂಡನ ಮಂಚದ ಬಳಿಗೆ ಕರೆದೊಯ್ದರು.

ಬೋಧಕರು ಮೊಣಕಾಲೂರಿ, ಇಮ್ಯಾನುಯೆಲರ ಕೈ ಹಿಡಿದು, ಯೇಸುವನ್ನು ರಕ್ಷಕನೆಂದು ಒಪ್ಪುತ್ತೀರಾ ಎಂದು ಕೇಳಿದರು. ಇಮ್ಯಾನುಯೆಲರ ಮುಖವೆಲ್ಲ ಅರಳಿತು.

“ಇಜ್ಜಿ” ಎಂದರು.

ಟೀಚರ್ ಆ ಇಜ್ಜಿಯ ಕಥೆಯನ್ನೆಲ್ಲ ವಿವರಿಸಿದರು. ಬೋಧಕರು ಕಲ್ಲೆದೆಯವರಲ್ಲ, ಪಾಪ. ದೇವರು ಹೃದಯ ನೋಡುತ್ತಾನೆ, ಆದರೆ ಖಂಡಿತವೆಂದು ಹೇಳಲಾರೆ ಎಂದರು. ನೀವಾದರೂ ಇವತ್ತೇ ನಿಶ್ಚಯಿಸಿ, ಇವತ್ತಿನ ತಾರೀಕು ನಿಮ್ಮದಾಗಲಿ ಎಂದರು.

ಅಂಥದೊಂದು ತಾರೀಕಿದ್ದರೆ ಹೇಗಿರಬಹುದೆಂದು ಟೀಚರಿಗೆ ನಿಜಕ್ಕೂ ಆಸೆಯಾಯಿತು. ಗಂಡನ ಗಲ್ಲದ ಜೊಲ್ಲು ಒರೆಸಿದರು. ಆಮೇಲೆ, ಒಂದಕ್ಷರವನ್ನೂ ಬಿಡಬೇಡಿ ಮಾಸ್ಟ್ರೇ ಎಂದು ತಾಕೀತು ಮಾಡಿ ಹೇಳಿದರು:

“ಇವರನ್ನು ಸ್ವರ್ಗದ ಒಳಗೆ ಬಿಡದಿದ್ದರೆ ನಾನು ಬಾಗಿಲ ಹೊರಗೆ ಇವರ ಒಟ್ಟಿಗೆ ಕೂತುಕೊಳ್ಳುತ್ತೇನೆ. ನಿಮ್ಮ ಹೆಂಡತಿಯೂ ಅಲ್ಲಿಗೇ ಬರುವುದಲ್ವಾ? ಹೆದರಬೇಡಿ, ನಾನು ನೋಡಿಕೊಳ್ಳುತ್ತೇನೆ.”

ಪೀಟರ್ ಮಾಸ್ಟರು ಅನುವಾದಿಸಿ ಮುಗಿಸಿದರೂ ಬೋಧಕರು ನೆಲದಿಂದ ಏಳಲಿಲ್ಲ.